ಓದುಗರ ಪ್ರಶ್ನೆ: ಚೀನಾದಲ್ಲೂ ಸಂವಿಧಾನ ಇದೆಯಲ್ವಾ ಮಾಸ್ತರ್ರೇ?

ಹಿಂದಿನ ಸಲ ನಮ್ಮ ಸಂವಿಧಾನ ಸಭೆಯ ಬಗ್ಗೆ ಬರೆಯುವಾಗ ಒಂದು ಸಾಲು ಸೇರಿಸಿದ್ದೆ. ಚೀನಾದಲ್ಲಿ 1908ರಿಂದ 1982ರ ತನಕ, ಕರಡುಗಳನ್ನೂ ಹಿಡಿದು, ಹತ್ತಕ್ಕೂ ಜಾಸ್ತಿ ಸಂವಿಧಾನಗಳು ಬಂದವು ಅಂತ. ಆ ಒಂದು ಸಾಲಿಗೆ ಶಿರಸಿಯಿಂದ ಕಾರವಾರದ ತನಕ ಪತ್ರಗಳು ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಚೀನಾದ ಸಂವಿಧಾನದಲ್ಲಿ ಮಾತಿನ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯ ಎಲ್ಲ ಬರೆದಿದೆಯಂತೆ. ಬರೆದಿದೆ ಅಂದ ಮೇಲೆ ನಮಗೂ ಅವರಿಗೂ ಏನು ವ್ಯತ್ಯಾಸ?
— ಅಡಿಕೆ ಬೆಳೆಗಾರರು, ಶಿರಸಿ

ಬರೆದಿದೆ, ನಿಜ. 35ನೇ ವಿಧಿ ತೆಗೆದು ನೋಡಿ. ಮಾತು, ಪತ್ರಿಕೆ, ಸಭೆ, ಸಂಘ, ಮೆರವಣಿಗೆ, ಪ್ರತಿಭಟನೆ, ಎಲ್ಲವೂ ಅಲ್ಲಿದೆ.

ನಿಮ್ಮದು ಅಡಿಕೆ ಊರು, ಸೊಸಾಯಿಟಿ ಲೆಕ್ಕದಲ್ಲೇ ಹೇಳುತ್ತೇನೆ. ಪ್ರತಿ ಸೊಸಾಯಿಟಿಗೂ ಒಂದು ಬೈಲಾ ಇರುತ್ತದೆ. ಅಧ್ಯಕ್ಷರು ಅದನ್ನು ಮೀರಿದರು ಅಂತಿಟ್ಟುಕೊಳ್ಳಿ. ಶೇರುದಾರ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳುತ್ತಾನೆ. ಅಲ್ಲಿ ಆಗಲಿಲ್ಲ ಅಂದರೆ ಸಹಕಾರ ಇಲಾಖೆಯ ನಿಬಂಧಕರಲ್ಲಿ ತಕರಾರು ಹಾಕುತ್ತಾನೆ. ಅಲ್ಲೂ ಆಗಲಿಲ್ಲವೋ, ಕೋರ್ಟಿದೆ. ಅಂದರೆ ಮಂಡಳಿಯ ಹೊರಗಿನ ಒಬ್ಬರು ಬೈಲಾ ಓದಿ, ಅಧ್ಯಕ್ಷರೇ ಇದು ತಪ್ಪು ಅಂತ ಹೇಳಬಲ್ಲರು. ಈಗ ಇನ್ನೊಂದು ಸೊಸಾಯಿಟಿ ಊಹಿಸಿ. ಬೈಲಾ ಸೊಗಸಾಗಿದೆ. ಆದರೆ ಅದರ ಅರ್ಥ ಹೇಳುವವರು ಮಂಡಳಿಯವರೇ, ಮಂಡಳಿಗೆ ಯಾರು ಬರಬೇಕು ಅಂತ ತೀರ್ಮಾನಿಸುವ ಗುಂಪೂ ಒಂದೇ. ಅಲ್ಲಿ ಶೇರುದಾರ ಬೈಲಾ ಹಿಡಿದುಕೊಂಡು ಎಲ್ಲಿಗೆ ಹೋಗಬೇಕು?

ಚೀನಾದಲ್ಲಿ ಸಂವಿಧಾನದ ಅರ್ಥ ಹೇಳುವ ಅಧಿಕಾರ ಕೋರ್ಟಿಗಿಲ್ಲ. 67ನೇ ವಿಧಿಯ ಪ್ರಕಾರ ಅದು ರಾಷ್ಟ್ರೀಯ ಜನಪ್ರತಿನಿಧಿ ಸಭೆಯ, ಅಂದರೆ ಅಲ್ಲಿನ ಸಂಸತ್ತಿನ, ಸ್ಥಾಯಿ ಸಮಿತಿಯದ್ದು. ಒಂದೇ ಒಂದು ಸಲ ಕೋರ್ಟು ಆ ಕಡೆ ಕಾಲಿಟ್ಟಿತ್ತು. 1990ರಲ್ಲಿ ಶಾನ್‌ಡಾಂಗ್ ಪ್ರಾಂತ್ಯದ ಹುಡುಗಿಯೊಬ್ಬಳು ಪರೀಕ್ಷೆ ಪಾಸಾದಳು. ಸೀಟು ಸಿಕ್ಕಿದೆ ಅಂತ ಅವಳಿಗೆ ಬಂದ ಪತ್ರವನ್ನು ಸಹಪಾಠಿಯ ಕಡೆಯವರು ಹೊಡೆದುಕೊಂಡರು. ಆ ಸಹಪಾಠಿ ಇವಳ ಹೆಸರಲ್ಲೇ ಓದಿದಳು, ಇವಳ ಹೆಸರಲ್ಲೇ ಬ್ಯಾಂಕ್ ನೌಕರಿಯನ್ನೂ ಹಿಡಿದಳು. ಎಷ್ಟೋ ವರ್ಷದ ಮೇಲೆ ವಿಷಯ ಗೊತ್ತಾಗಿ ಈಕೆ ದಾವೆ ಹೂಡಿದಾಗ, 2001ರಲ್ಲಿ ಸರ್ವೋಚ್ಚ ಜನತಾ ನ್ಯಾಯಾಲಯ ಸಂವಿಧಾನ ಕೊಟ್ಟ ಶಿಕ್ಷಣದ ಹಕ್ಕನ್ನು ಕಸಿದಿದ್ದಾರೆ ಅಂತ ಹೇಳಿತು. ಚೀನಾದ ವಕೀಲರು, ಪ್ರಾಧ್ಯಾಪಕರು ಹಬ್ಬದಂತೆ ಸಂಭ್ರಮಿಸಿದರು. ಇನ್ನು ಮುಂದೆ ಜನ ಸಂವಿಧಾನ ಹಿಡಿದು ಕೋರ್ಟಿಗೆ ಬರಬಹುದು ಅಂದುಕೊಂಡರು. 2008ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯ ಆ ಅಭಿಪ್ರಾಯವನ್ನು ವಾಪಸ್ ಪಡೆಯಿತು. ಆ ಬಾಗಿಲು ಅಲ್ಲಿಗೆ ಮುಚ್ಚಿತು.

ಚೀನೀ ಭಾಷೆಯಲ್ಲಿ ಇದಕ್ಕೆ ಎರಡು ಬೇರೆ ಬೇರೆ ಶಬ್ದಗಳೇ ಇವೆ. ಶಿಯಾನ್‌ಫಾ ಅಂದರೆ ಸಂವಿಧಾನದ ಪುಸ್ತಕ. ಶಿಯಾನ್‌ಜಂಗ್ ಅಂದರೆ ಆ ಪುಸ್ತಕಕ್ಕೆ ಆಳುವವರೂ ತಲೆಬಾಗುವ ಆಡಳಿತ. ಮೊದಲನೆಯದಕ್ಕೆ 2014ರಿಂದ ಪ್ರತಿ ಡಿಸೆಂಬರ್ 4ಕ್ಕೆ ಸರ್ಕಾರಿ ದಿನಾಚರಣೆಯಿದೆ, ಅಧಿಕಾರಿಗಳು ಅದರ ಮೇಲೆ ಕೈಯಿಟ್ಟು ಪ್ರಮಾಣ ಮಾಡುತ್ತಾರೆ. ಎರಡನೆಯದನ್ನು ಗಟ್ಟಿಯಾಗಿ ಹೇಳುವುದು ಕಷ್ಟ. 2013ರ ಜನವರಿಯಲ್ಲಿ ಗುವಾಂಗ್‌ಜೌ ನಗರದ ಸದರ್ನ್ ವೀಕ್ಲಿ ಪತ್ರಿಕೆ ತನ್ನ ಹೊಸ ವರ್ಷದ ಸಂಪಾದಕೀಯದಲ್ಲಿ ಶಿಯಾನ್‌ಜಂಗ್ ನಮ್ಮ ಕನಸು ಅಂತ ಬರೆಯಹೊರಟಿತ್ತು. ಅಚ್ಚಾಗುವ ಹೊತ್ತಿಗೆ ಸೆನ್ಸಾರ್ ಕೈ ಆಡಿಸಿ ಅದು ಬೇರೆಯೇ ಬರಹವಾಗಿತ್ತು. ಪತ್ರಕರ್ತರು ಪ್ರತಿಭಟಿಸಿದರು, ಓದುಗರು ಕಚೇರಿಯ ಮುಂದೆ ಹೂವಿಟ್ಟು ನಿಂತರು.

ಚೀನಾದಲ್ಲಿ ಸಂವಿಧಾನ ಬೇಕು ಅನ್ನುವ ಯೋಚನೆ ಮೊದಲು ಯಾರಿಗೆ ಬಂತು? ನಮ್ಮಂತೆ ಬ್ರಿಟಿಷರಿಂದ ಕಲಿತರಾ?
— ಪಿಯುಸಿ ವಿದ್ಯಾರ್ಥಿನಿ, ಕುಮಟಾ

ಇಲ್ಲ ತಂಗಿ, ಜಪಾನಿನಿಂದ. ಅದೂ ಸೋತು ಕಲಿತಿದ್ದು. 1895ರಲ್ಲಿ ಚೀನಾ ಪುಟ್ಟ ಜಪಾನಿನ ಕೈಯಲ್ಲಿ ಸೋತು ತೈವಾನನ್ನು ಬಿಟ್ಟುಕೊಡಬೇಕಾಯಿತು. ಇಷ್ಟು ದೊಡ್ಡ ದೇಶ ಯಾಕೆ ಸೋತಿತು ಅಂತ ಓದಿದವರೆಲ್ಲ ತಲೆ ಕೆಡಿಸಿಕೊಂಡರು. ಕಾಂಗ್ ಯೂವೈ ಮತ್ತು ಅವರ ಶಿಷ್ಯ ಲಿಯಾಂಗ್ ಚಿಚಾವ್ ಕೊಟ್ಟ ಉತ್ತರ ಇದು: ಜಪಾನಿಗೆ 1889ರಲ್ಲೇ ಸಂವಿಧಾನ ಬಂದಿದೆ, ನಮಗೆ ಇಲ್ಲ. 1898ರಲ್ಲಿ ಯುವ ಚಕ್ರವರ್ತಿ ಗುವಾಂಗ್‌ಶು ಇವರ ಮಾತು ಕೇಳಿ ಸುಧಾರಣೆಗೆ ಕೈ ಹಾಕಿದ. ನೂರು ದಿನ ನಡೆಯಿತು. ಆಮೇಲೆ ರಾಜಮಾತೆ ಸಿಶಿ ಚಕ್ರವರ್ತಿಯನ್ನೇ ಅರಮನೆಯಲ್ಲಿ ಕೂಡಿಹಾಕಿದಳು, ಆರು ಜನರ ತಲೆ ಕಡಿಸಿದಳು. ಕಾಂಗ್, ಲಿಯಾಂಗ್ ಇಬ್ಬರೂ ಜಪಾನಿಗೆ ಓಡಿದರು.

ಏಳು ವರ್ಷದ ನಂತರ, 1905ರಲ್ಲಿ, ಜಪಾನ್ ರಷ್ಯಾವನ್ನೂ ಸೋಲಿಸಿತು. ಸಂವಿಧಾನ ಇರುವ ದೇಶ, ಇಲ್ಲದ ದೇಶವನ್ನು ಸೋಲಿಸಿತು ಅಂತ ಚೀನಾದ ಪತ್ರಿಕೆಗಳು ಬರೆದವು. ಆಗ ಸಿಶಿಯೇ ಸಂವಿಧಾನ ನೋಡಿಕೊಂಡು ಬನ್ನಿ ಅಂತ ಐದು ಮಂತ್ರಿಗಳನ್ನು ವಿದೇಶಕ್ಕೆ ಕಳಿಸಲು ಒಪ್ಪಿದಳು. ಬೀಜಿಂಗ್ ಸ್ಟೇಷನ್ನಿನಲ್ಲಿ ಅವರ ರೈಲಿಗೆ ಕ್ರಾಂತಿಕಾರಿಯೊಬ್ಬ ಬಾಂಬ್ ಹಾಕಿದ್ದರಿಂದ ಪ್ರಯಾಣ ತಡವಾಯಿತು. ಕೊನೆಗೂ ಜಪಾನ್, ಅಮೆರಿಕ, ಯುರೋಪ್ ಸುತ್ತಿ ಬಂದರು. ಅವರ ವರದಿಯ ಕೆಲವು ಭಾಗಗಳನ್ನು ಬರೆದುಕೊಟ್ಟವರಲ್ಲಿ ಲಿಯಾಂಗ್ ಕೂಡ ಒಬ್ಬರು, ಆಗಲೂ ಅವರ ತಲೆಗೆ ಬಹುಮಾನವಿತ್ತು.

ಆ ಐವರಲ್ಲಿ ರಾಜಮನೆತನದ ಜೈಜ ಅನ್ನುವವರು ಸಿಶಿಗೆ ಬರೆದ ಗುಟ್ಟಿನ ಪತ್ರವನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತಿದ್ದೆ. ಸಂವಿಧಾನದಿಂದ ಮೂರು ಲಾಭ ಅಂತ ಅದರಲ್ಲಿದೆ. ಸಿಂಹಾಸನ ಶಾಶ್ವತವಾಗಿ ಉಳಿಯುತ್ತದೆ. ಹೊರಗಿನವರ ಕಾಟ ಕಡಿಮೆಯಾಗುತ್ತದೆ. ಒಳಗಿನ ದಂಗೆ ಅಡಗುತ್ತದೆ. ಜನರಿಗೆ ಏನು ಸಿಗುತ್ತದೆ ಅನ್ನುವುದು ಆ ಮೂರರಲ್ಲಿ ಇಲ್ಲವೇ ಇಲ್ಲ. ನನ್ನ ಮಟ್ಟಿಗೆ ಮುಂದಿನ ನೂರು ವರ್ಷದ ತೊಡಕೆಲ್ಲ ಆ ಪತ್ರದಲ್ಲೇ ಇದೆ. ನಮ್ಮಲ್ಲಿ ಆಳುವವರ ಕೈ ಕಟ್ಟಬೇಕು ಅಂತ ಸಂವಿಧಾನ ಕೇಳಿದರೆ, ಅಲ್ಲಿ ದೇಶ ಗಟ್ಟಿಯಾಗಬೇಕು ಅಂತ ಕೇಳಿದರು. ಅದೂ ಸಣ್ಣ ಆಸೆಯಲ್ಲ, ಸೋತವರ ನೋವಿನಿಂದ ಬಂದಿದ್ದು. ಆದರೆ ದೇಶ ಗಟ್ಟಿಯಾಗಲು ಸಂವಿಧಾನ ಅಡ್ಡ ಬರುತ್ತದೆ ಅಂತ ಯಾರಾದರೂ ಹೇಳಿದ ಕೂಡಲೇ ಅದನ್ನು ಬದಿಗಿಡಲು ದಾರಿಯಾಯಿತು.

1908ರಲ್ಲಿ ಬಂದ ಮೊದಲ ರೂಪರೇಖೆಯಲ್ಲಿ 23 ಅಂಶಗಳಿದ್ದವು. 14 ಚಕ್ರವರ್ತಿಯ ಅಧಿಕಾರದ ಬಗ್ಗೆ. ಉಳಿದ 9 ಪ್ರಜೆಗಳ ಹಕ್ಕು, ಕರ್ತವ್ಯದ ಬಗ್ಗೆ, ಅದೂ ಅನುಬಂಧವಾಗಿ. ಪೂರ್ತಿ ಜಾರಿಗೆ ಒಂಬತ್ತು ವರ್ಷ ಕಾಯಿರಿ ಅಂದರು. ಜನ ಕಾಯಲಿಲ್ಲ. 1910ರಲ್ಲಿ ಪ್ರಾಂತೀಯ ಸಭೆಗಳ ಸದಸ್ಯರು ಈಗಲೇ ಸಂಸತ್ತು ಕೊಡಿ ಅಂತ ಮತ್ತೆ ಮತ್ತೆ ಅರ್ಜಿ ಹೊತ್ತು ಬೀಜಿಂಗಿಗೆ ಬಂದರು. 1911ರ ಮೇ ತಿಂಗಳಲ್ಲಿ ಸಿಕ್ಕಿದ್ದು ಒಂದು ಮಂತ್ರಿಮಂಡಲ. ಆಳುತ್ತಿದ್ದ ಚಿಂಗ್ ವಂಶ ಮಂಚೂ ಜನಾಂಗದ್ದು, ದೇಶದ ಬಹುಪಾಲು ಜನ ಹಾನ್ ಚೀನೀಯರು. ಆದರೂ 13 ಮಂತ್ರಿಗಳಲ್ಲಿ ಹಾನ್ ಚೀನೀಯರು ನಾಲ್ಕೇ ಜನ. ಅಕ್ಟೋಬರ್ 10ಕ್ಕೆ ವೂಚಾಂಗ್‌ನಲ್ಲಿ ಸೈನಿಕರು ದಂಗೆಯೆದ್ದರು. ನಾಲ್ಕು ತಿಂಗಳಲ್ಲಿ ಚಿಂಗ್ ವಂಶ ಹೋಯಿತು.

ರಾಜ ಹೋದ, ಗಣರಾಜ್ಯ ಬಂತು. ಆಗಲಾದರೂ ಸರಿಹೋಗಬೇಕಿತ್ತಲ್ಲ?
— ನಿವೃತ್ತ ಅಂಚೆ ನೌಕರರು, ಕಾರವಾರ

ಹೋಗಬಹುದಿತ್ತು ಸರ್. ಇದನ್ನು ಬರೆಯುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

1912ರ ಮಾರ್ಚ್‌ನ ತಾತ್ಕಾಲಿಕ ಸಂವಿಧಾನ ದೇಶದ ಒಡೆತನ ಸಮಸ್ತ ಜನರದ್ದು ಅಂತ ಹೇಳಿತು. ಎರಡು ಸಾವಿರ ವರ್ಷ ಚಕ್ರವರ್ತಿಗಳನ್ನೇ ಕಂಡ ನೆಲದಲ್ಲಿ ಆಡಿದ ಮಾತು ಅದು. ಆದರೆ ಗಣರಾಜ್ಯದ ಮೊದಲ ತಾತ್ಕಾಲಿಕ ಅಧ್ಯಕ್ಷ ಸುನ್ ಯಾತ್ ಸೆನ್ ಹತ್ತಿರ ಸೈನ್ಯವಿರಲಿಲ್ಲ. ಸೈನ್ಯವಿದ್ದ ಯುವಾನ್ ಶಿಕಾಯ್‌ಗೆ ಅಧ್ಯಕ್ಷ ಪದವಿ ಬಿಟ್ಟುಕೊಟ್ಟರು. ಅವನ ಕೈ ಕಟ್ಟಲು ಉಳಿದಿದ್ದು ಆ ಸಂವಿಧಾನ ಒಂದೇ.

ಅದನ್ನು ಮನಸಾರೆ ನಂಬಿದ್ದವರು ಸಾಂಗ್ ಜಿಯಾವ್‌ರೆನ್. ಹುನಾನ್ ಪ್ರಾಂತ್ಯದವರು, ಜಪಾನಿನಲ್ಲಿ ಓದಿದವರು. ಚಿಕ್ಕ ಪಕ್ಷಗಳನ್ನೆಲ್ಲ ಕೂಡಿಸಿ ಕುವೊಮಿಂಟಾಂಗ್ ಕಟ್ಟಿದರು. 1912ರ ಕೊನೆ, 1913ರ ಆರಂಭದಲ್ಲಿ ಚುನಾವಣೆ ನಡೆಯಿತು. ಮತದಾರರ ಪಟ್ಟಿಯಲ್ಲಿ ಸುಮಾರು ನಾಲ್ಕು ಕೋಟಿ ಹೆಸರು, ಎಲ್ಲ ಗಂಡಸರೇ, ಆಸ್ತಿಯೋ ತೆರಿಗೆಯೋ ಓದೋ ಇದ್ದವರು. ಸಾಂಗ್ ಊರೂರು ತಿರುಗಿ ಭಾಷಣ ಮಾಡಿದರು. ಅಧ್ಯಕ್ಷರ ಅಧಿಕಾರಕ್ಕೆ ಮಿತಿ ಬೇಕು, ಮಂತ್ರಿಮಂಡಲ ಸಂಸತ್ತಿಗೆ ಉತ್ತರ ಕೊಡಬೇಕು ಅಂದರು. ಅವರ ಪಕ್ಷ ಗೆದ್ದಿತು. ಪ್ರಧಾನಿ ಅವರೇ ಅಂತ ಎಲ್ಲರೂ ಅಂದುಕೊಂಡಿದ್ದರು.

1913ರ ಮಾರ್ಚ್ 20ರ ರಾತ್ರಿ ಅವರು ಬೀಜಿಂಗಿಗೆ ಹೊರಡಲು ಶಾಂಘೈ ರೈಲ್ವೆ ಸ್ಟೇಷನ್ನಿಗೆ ಬಂದಿದ್ದರು. ಟಿಕೆಟ್ ತೋರಿಸುವ ಜಾಗದ ಹತ್ತಿರ ಒಬ್ಬ ಗುಂಡು ಹೊಡೆದ. ಎರಡು ದಿನ ಬದುಕಿದ್ದರು. ಮೂವತ್ತೊಂದು ತುಂಬಲು ಇನ್ನೂ ಎರಡು ವಾರವಿತ್ತು. ಆಸ್ಪತ್ರೆಯ ಮಂಚದಿಂದ ಯುವಾನ್‌ಗೆ ಒಂದು ತಂತಿ ಬರೆಸಿದರು. ಜನರ ಹಕ್ಕನ್ನು ಕಾಪಾಡಿ, ಸಂಸತ್ತು ಒಂದು ಗಟ್ಟಿ ಸಂವಿಧಾನ ಮಾಡುವಂತೆ ನೋಡಿಕೊಳ್ಳಿ, ಹಾಗಾದರೆ ನಾನು ಸತ್ತರೂ ಬದುಕಿದಂತೆ ಅನ್ನುವ ಅರ್ಥದ್ದು. ತನಿಖೆಯ ಜಾಡು ಯುವಾನ್ ಸರ್ಕಾರದ ಪ್ರಧಾನಿಯ ಸುತ್ತಲೇ ಬಂದು ನಿಂತಿತು.

ನೀವು ಜೀವಮಾನ ಪೂರ್ತಿ ತಂತಿ ಮುಟ್ಟಿಸಿದವರು. ಇಂಥ ತಂತಿ ಸೇರಬೇಕಾದವನಿಗೆ ಸೇರಿಯೂ ಹೀಗಾಯಿತು ಅಂದರೆ ನಿಮಗೆ ಬೇರೆಯವರಿಗಿಂತ ಜಾಸ್ತಿ ತಟ್ಟೀತು.

ಮುಂದಿನದು ಬೇಗ ಹೇಳಿಬಿಡುತ್ತೇನೆ. ಯುವಾನ್ ಆ ವರ್ಷವೇ ಕುವೊಮಿಂಟಾಂಗ್ ಪಕ್ಷವನ್ನು ನಿಷೇಧಿಸಿದ, 1914ರ ಜನವರಿಯಲ್ಲಿ ಸಂಸತ್ತನ್ನು ವಿಸರ್ಜಿಸಿದ. 1915ರ ಕೊನೆಗೆ ತಾನೇ ಚಕ್ರವರ್ತಿ ಆಗಲು ಹೊರಟ. ಪ್ರಾಂತ್ಯಗಳು ತಿರುಗಿಬಿದ್ದವು. 1916ರ ಜೂನ್‌ನಲ್ಲಿ ಸತ್ತ. ಆಮೇಲೆ ಸೇನಾಧಿಪತಿಗಳ ಕಾಲ. 1923ರಲ್ಲಿ ಚಾವ್ ಕುನ್ ಅನ್ನುವ ಸೇನಾಧಿಪತಿ ಮತ್ತೆ ಸೇರಿದ್ದ ಸಂಸತ್ತಿನ ಸದಸ್ಯರಿಗೆ ತಲಾ 5,000 ಯುವಾನ್ (ಇದು ಅಲ್ಲಿನ ಹಣದ ಹೆಸರು) ಹಂಚಿ ಅಧ್ಯಕ್ಷನಾದ. ಅದೇ ಸಂಸತ್ತು ಹತ್ತು ವರ್ಷದಿಂದ ಬಾಕಿಯಿದ್ದ ಸಂವಿಧಾನವನ್ನೂ ಪಾಸು ಮಾಡಿತು. ಗಣರಾಜ್ಯದ ಮೊದಲ ಪೂರ್ಣ ಸಂವಿಧಾನ ಅದೇ. ಲಂಚದ ಸಂವಿಧಾನ ಅಂತ ಜನ ಹೆಸರಿಟ್ಟರು. ಒಂದು ವರ್ಷ ಬಾಳಿತು.

ಈ ಕತೆಯಲ್ಲಿ ಹೆಂಗಸರು ಎಲ್ಲಿ?
— ಸ್ವಸಹಾಯ ಸಂಘದ ಸದಸ್ಯೆ, ಹೊನ್ನಾವರ

ಒಳ್ಳೇ ಪ್ರಶ್ನೆ ಅಕ್ಕ. 1912ರ ಸಂವಿಧಾನ ಜನಾಂಗ, ವರ್ಗ, ಧರ್ಮ ಅಂತ ಭೇದವಿಲ್ಲದೆ ಎಲ್ಲರೂ ಸಮಾನರು ಅಂದಿತು. ಲಿಂಗ ಅನ್ನುವ ಶಬ್ದವನ್ನು ಬಿಟ್ಟಿತ್ತು. ಕ್ರಾಂತಿಯಲ್ಲಿ ಬಂದೂಕು ಹಿಡಿದ ಹೆಂಗಸರಿದ್ದರು, ಬಾಂಬ್ ಸಾಗಿಸಿದವರಿದ್ದರು. ಅವರು ಸುಮ್ನೆ ಕೂರಲಿಲ್ಲ. ಆ ಮಾರ್ಚ್‌ನಲ್ಲೇ ತಾಂಗ್ ಚುನ್‌ಯಿಂಗ್ ಮುಂದಾಳತ್ವದಲ್ಲಿ ನಾನ್ಜಿಂಗ್‌ನಲ್ಲಿದ್ದ ತಾತ್ಕಾಲಿಕ ಸಂಸತ್ತಿನ ಸಭೆಗೆ ನುಗ್ಗಿ ಸದಸ್ಯರ ನಡುವೆಯೇ ಕುಳಿತರು, ಕಿಟಕಿ ಗಾಜು ಒಡೆದರು. ಆಗಸ್ಟ್‌ನಲ್ಲಿ ಕುವೊಮಿಂಟಾಂಗ್ ಹುಟ್ಟಿದಾಗ, ಚಿಕ್ಕ ಪಕ್ಷಗಳನ್ನು ಒಲಿಸಿಕೊಳ್ಳಲು ಸ್ತ್ರೀ ಸಮಾನತೆಯ ಮಾತನ್ನು ಪ್ರಣಾಳಿಕೆಯಿಂದ ತೆಗೆದರು. ತೆಗೆದವರು ಅದೇ ಸಾಂಗ್ ಜಿಯಾವ್‌ರೆನ್. ತಾಂಗ್ ವೇದಿಕೆಗೆ ಹೋಗಿ ತುಂಬಿದ ಸಭೆಯಲ್ಲಿ ಅವರ ಕೆನ್ನೆಗೆ ಬಾರಿಸಿದರು.

ಸಾಂಗ್ ಬಗ್ಗೆ ನನಗೆ ಎಷ್ಟೇ ಗೌರವವಿದ್ದರೂ, ಅವತ್ತು ಸರಿಯಿದ್ದವರು ತಾಂಗ್ ಅಂತಲೇ ನಾನು ಹೇಳುತ್ತೇನೆ. 1922ರಲ್ಲಿ ಹುನಾನ್ ಪ್ರಾಂತ್ಯ ತನ್ನದೇ ಸಂವಿಧಾನ ಮಾಡಿಕೊಂಡಾಗ ಹೆಂಗಸರಿಗೂ ಮತ ಕೊಟ್ಟಿತು. ತಾಂಗ್, ಸಾಂಗ್ ಇಬ್ಬರದೂ ಅದೇ ಪ್ರಾಂತ್ಯ. ನಮ್ಮ ಸಂವಿಧಾನ ಸಭೆಯಲ್ಲಿ 15 ಮಹಿಳೆಯರಿದ್ದರು, 15ನೇ ವಿಧಿಯಲ್ಲಿ ಲಿಂಗ ಅನ್ನುವ ಶಬ್ದ ಇದೆ. ಮುಂದಿನ ಸಲ ಸಂಘದ ಸಭೆಯಲ್ಲಿ ಓದಿ ತೋರಿಸಿ.

ಮಾವೋ ಕಾಲದಲ್ಲಿ ಸಂವಿಧಾನ ಇತ್ತೇ?
— ಪ್ರಾಥಮಿಕ ಶಾಲಾ ಶಿಕ್ಷಕರು, ಅಂಕೋಲಾ

ಇತ್ತು. 1949ರಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದ ಮೇಲೆ, 1954ರ ಸೆಪ್ಟೆಂಬರ್‌ನಲ್ಲಿ ಬಂತು, 106 ವಿಧಿಗಳು. ಕರಡಿನ ಚರ್ಚೆಯಲ್ಲಿ 15 ಕೋಟಿ ಜನ ಸೇರಿದರು ಅಂತ ಸರ್ಕಾರದ ಲೆಕ್ಕ. ಅದನ್ನು ಸಭೆಯ ಮುಂದಿಟ್ಟು ವಿವರಿಸಿದವರು ಲಿಯು ಶಾವೋಚಿ. ಮುಂದೆ ಅವರೇ ದೇಶದ ಅಧ್ಯಕ್ಷರಾದರು.

1967ರ ಬೇಸಿಗೆಯಲ್ಲಿ, ಮಾವೋ ಹುಟ್ಟುಹಾಕಿದ ಸಾಂಸ್ಕೃತಿಕ ಕ್ರಾಂತಿಯ ಗುಂಪುಗಳು ಅವರನ್ನು ಅವರ ಮನೆಯಂಗಳದಲ್ಲೇ ಎಳೆದಾಡಿ ಅವಮಾನ ಮಾಡಿದವು. ಆಗ ಲಿಯು ಒಳಗಿನಿಂದ ಸಂವಿಧಾನದ ಪ್ರತಿ ತಂದು ಎತ್ತಿ ಹಿಡಿದು, ನಾನು ಈ ದೇಶದ ಅಧ್ಯಕ್ಷ, ನನಗೂ ಮಾತಾಡುವ ಹಕ್ಕು ಕೊಡಿ ಅಂತ ಕೇಳಿದರಂತೆ. ತಾವೇ ಮಂಡಿಸಿದ ಪುಸ್ತಕ. ಯಾರೂ ಕೇಳಲಿಲ್ಲ. 1969ರ ನವೆಂಬರ್‌ನಲ್ಲಿ ಕೈಫೆಂಗ್‌ನಲ್ಲಿ, ಸರಿಯಾದ ಔಷಧಿಯಿಲ್ಲದೆ ತೀರಿಕೊಂಡರು. ಅವರು ಸಾಮಾನ್ಯರ ಪರವಾಗಿ ಮೊದಲೇ ಅದನ್ನು ಎತ್ತಿ ಹಿಡಿದಿದ್ದರೆ ಅನ್ನುವ ಪ್ರಶ್ನೆ ನನ್ನನ್ನು ಕಾಡುತ್ತದೆ. 1957ರಲ್ಲಿ ಲಕ್ಷಾಂತರ ಜನರಿಗೆ ಬಲಪಂಥೀಯರು ಅಂತ ಹಣೆಪಟ್ಟಿ ಹಚ್ಚಿದಾಗಲೂ ಅದೇ ಸಂವಿಧಾನ ಜಾರಿಯಲ್ಲಿತ್ತು.

1975ರ ಸಂವಿಧಾನಕ್ಕೆ 30 ವಿಧಿಗಳು ಮಾತ್ರ. ಅಧ್ಯಕ್ಷ ಹುದ್ದೆಯನ್ನೇ ತೆಗೆದರು. 1978ರಲ್ಲಿ ಇನ್ನೊಂದು ಬಂತು. ಈಗಿನದು 1982ರದ್ದು. ಅದರ ಕೆಲಸ ಮುನ್ನಡೆಸಿದ ಪಂಗ್ ಜೆನ್ ಸ್ವತಃ ಸಾಂಸ್ಕೃತಿಕ ಕ್ರಾಂತಿಯಲ್ಲಿ ಜೈಲು ಕಂಡವರು. ಅದಕ್ಕೇ, ಮತ್ತೆ ಬಂದ ಅಧ್ಯಕ್ಷ ಹುದ್ದೆಗೆ ಸತತವಾಗಿ ಎರಡೇ ಅವಧಿ ಅಂತ ಮಿತಿ ಬಂತು. 2018ರ ಮಾರ್ಚ್‌ನಲ್ಲಿ ಆ ಮಿತಿಯನ್ನು ತೆಗೆದರು. ಪರವಾಗಿ 2,958 ಮತ, ವಿರುದ್ಧ 2. ಕಮ್ಯುನಿಸ್ಟ್ ಪಕ್ಷದ ನಾಯಕತ್ವ ಅನ್ನುವ ಮಾತು ಅದೇ ದಿನ 1ನೇ ವಿಧಿಗೆ ಸೇರಿತು.

ತೈವಾನ್‌ದು ಬೇರೆ ಸಂವಿಧಾನವೇ?
— ಓದುಗರು, ಭಟ್ಕಳ

ಹೌದು. ನಾನ್ಜಿಂಗ್‌ನಲ್ಲಿ 1946ರ ಡಿಸೆಂಬರ್ 25ರಂದು ಒಪ್ಪಿದ್ದು. ಕುವೊಮಿಂಟಾಂಗ್ ನಾಯಕ ಚಿಯಾಂಗ್ ಕೈ ಷೇಕ್ ಕಮ್ಯುನಿಸ್ಟರಿಗೆ ಸೋತು ಹೋಗುವಾಗ ಅದೂ ತೈವಾನಿಗೆ ಹೋಯಿತು. ಯುದ್ಧದ ನೆಪದ ತಾತ್ಕಾಲಿಕ ನಿಯಮಗಳು 1991ರ ತನಕ ಅದರ ಮೇಲೆ ಕುಳಿತಿದ್ದವು, ಸೈನಿಕ ಕಾನೂನು 1949ರಿಂದ 1987ರ ತನಕ. 1996ರಲ್ಲಿ ಜನ ನೇರವಾಗಿ ಅಧ್ಯಕ್ಷರನ್ನು ಆರಿಸಿದರು. ಚೀನೀ ಸಂಸ್ಕೃತಿಗೆ ಇದು ಆಗಿಬರುವುದಿಲ್ಲ ಅನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ನಮ್ಮ ಜಾಗ, ಮನೆ ಒಂದು ಯೋಜನೆಗೆ ಹೋಯಿತು. ಪರಿಹಾರಕ್ಕೆ ವರ್ಷಗಟ್ಟಲೆ ಕೋರ್ಟಿಗೆ ಅಲೆದೆವು. ಕೊನೆಗೆ ಸ್ವಲ್ಪ ಹೆಚ್ಚಿಗೆ ಸಿಕ್ಕಿತು. ಚೀನಾದಲ್ಲಿ ನಮ್ಮಂಥವರು ಏನು ಮಾಡುತ್ತಾರೆ?
— ಗೃಹಿಣಿ, ಕಾರವಾರ ತಾಲೂಕು

ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ.

ಅಲ್ಲಿ ಪಟ್ಟಣದ ನೆಲವೆಲ್ಲ ಸರ್ಕಾರದ್ದು, ಹಳ್ಳಿಯ ನೆಲ ಸಮೂಹದ್ದು. ಜನರಿಗಿರುವುದು ಬಳಸುವ ಹಕ್ಕು, ಮನೆಯ ಹಕ್ಕು. 2004ರ ತಿದ್ದುಪಡಿ ಖಾಸಗಿ ಆಸ್ತಿಯನ್ನು ಉಲ್ಲಂಘಿಸುವಂತಿಲ್ಲ, ತೆಗೆದುಕೊಂಡರೆ ಪರಿಹಾರ ಕೊಡಬೇಕು ಅಂತ ಸಂವಿಧಾನದಲ್ಲೇ ಸೇರಿಸಿತು. 1990ರಿಂದ ಅಧಿಕಾರಿಗಳ ಮೇಲೆ ಜನ ದಾವೆ ಹೂಡಲು ಕಾನೂನೂ ಇದೆ. ಆದರೆ ಆ ದಾವೆಯಲ್ಲಿ ಸಂವಿಧಾನವನ್ನು ತಂದು, ನಿಮ್ಮ ಕಾನೂನೇ ತಪ್ಪು ಅನ್ನುವಂತಿಲ್ಲ. ನಮ್ಮಲ್ಲಿ ಎಡನೀರು ಮಠದ ಸ್ವಾಮಿಗಳು, ಇಲ್ಲೇ ಕಾಸರಗೋಡಿನವರು, ಮಠದ ಭೂಮಿಗಾಗಿ ಹಾಕಿದ ಅರ್ಜಿ 1973ರಲ್ಲಿ 13 ನ್ಯಾಯಮೂರ್ತಿಗಳ ಮುಂದೆ ಬಂದು, ಸಂಸತ್ತೂ ಸಂವಿಧಾನದ ಮೂಲ ಚೌಕಟ್ಟನ್ನು ಕೆಡಿಸುವಂತಿಲ್ಲ ಅಂತ ತೀರ್ಪಾಯಿತು. ಭೂಮಿ ಅವರಿಗೆ ಉಳಿಯಲಿಲ್ಲ. ಆ ತೀರ್ಪು ನಮಗೆಲ್ಲ ಉಳಿಯಿತು. ಅಂಥ ಅರ್ಜಿ ಹಾಕುವ ಜಾಗವೇ ಚೀನಾದಲ್ಲಿಲ್ಲ.

ಆದರೂ ಜನ ಸುಮ್ಮನಿಲ್ಲ. 2007ರಲ್ಲಿ ಚೊಂಗ್‌ಚಿಂಗ್ ನಗರದಲ್ಲಿ ಒಂದು ದಂಪತಿ ಮನೆ ಬಿಡಲು ಒಪ್ಪಲಿಲ್ಲ. ಸುತ್ತಲಿನ ಮನೆಗಳನ್ನೆಲ್ಲ ಕೆಡವಿ, ನೆಲವನ್ನು ಆಳವಾಗಿ ಅಗೆದರು. ನಡುವೆ ದಿಬ್ಬದ ಮೇಲೆ ಇವರ ಮನೆ ಒಂದೇ. ನೀರಿಲ್ಲ, ಕರೆಂಟಿಲ್ಲ. ಗಂಡ ಆ ದಿಬ್ಬ ಹತ್ತಿ ಮನೆ ಸೇರಿಕೊಂಡ. ಹೆಂಡತಿ ಕೆಳಗೆ ನಿಂತು ಪತ್ರಕರ್ತರಿಗೆ ಕಾನೂನು ವಿವರಿಸಿದಳು. ಮನೆಯ ಮೇಲೆ ಒಂದು ಬ್ಯಾನರ್ ಕಟ್ಟಿದರು. ಅದರಲ್ಲಿ ಇದ್ದಿದ್ದು ಸಂವಿಧಾನದ 13ನೇ ವಿಧಿ: ನಾಗರಿಕರ ಕಾನೂನುಬದ್ಧ ಖಾಸಗಿ ಆಸ್ತಿಯನ್ನು ಉಲ್ಲಂಘಿಸುವಂತಿಲ್ಲ. ದೇಶವೇ ಆ ಫೋಟೊ ನೋಡಿತು. ಏಪ್ರಿಲ್ 2ರಂದು ಮಾತುಕತೆಯಲ್ಲಿ ಒಪ್ಪಂದವಾಯಿತು, ಅವತ್ತೇ ರಾತ್ರಿ ಮನೆ ಕೆಡವಿದರು.

ಕಾರವಾರದ ಕಡೆ ಬಂದಾಗ ನಿಮ್ಮಲ್ಲಿಗೆ ಬರುತ್ತೇನೆ ಅಮ್ಮಾ. ಕೋರ್ಟಿನ ಕಾಗದಗಳು, ತೀರ್ಪಿನ ನಕಲು, ಹಳೇ ಮನೆಯ ಫೋಟೊ ಇದ್ದರೆ ಅದೂ, ಗೆದ್ದಲು ಹಿಡಿಯದ ಕಡೆ ಎತ್ತಿಡಿ. ನನಗೆ ಅದೆಲ್ಲ ನೋಡಬೇಕಿದೆ.